ನೀರಿಲ್ಲದೆ ಓಡುವ ಪಂಪ್‌ಗಳು: ಅಂತರ್ಜಲದ ಕುಸಿತ ಮತ್ತು ಸಣ್ಣ ಉದ್ದಿಮೆಗಳು – ಒಂದು ವಿಶ್ಲೇಷಣೆ

1. ಹಿನ್ನೆಲೆ

2023ನೇ ಸಾಲಿನ ಮುಂಗಾರು ವೈಫಲ್ಯದ ಪರಿಣಾಮವಾಗಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಅದರ ಮುಂದುವರಿದ ಭಾಗವಾಗಿ 2024ರ ಬೇಸಿಗೆಯಲ್ಲಿ ಬೆಂಗಳೂರು ನಗರವು ತೀವ್ರ ನೀರಿನ ಅಭಾವವನ್ನು ಎದುರಿಸಿತು. 2024ರ ಮಾರ್ಚ್ ತಿಂಗಳಿನಲ್ಲಿ ಸರ್ಕಾರವು ನೀಡಿದ ಮಾಹಿತಿಯಂತೆ ನಗರದ ಸುಮಾರು 14,000 ಸಾರ್ವಜನಿಕ ಕೊಳವೆಬಾವಿಗಳ ಪೈಕಿ ಸುಮಾರು 6,900 ಕೊಳವೆಬಾವಿಗಳು ಬತ್ತಿಹೋಗಿದ್ದವು. ದಿನವೊಂದಕ್ಕೆ 2,600 ದಶಲಕ್ಷ ಲೀಟರ್ ಬೇಡಿಕೆಯಿದ್ದು, ಕಾವೇರಿಯಿಂದ 1,470 ದಶಲಕ್ಷ ಲೀಟರ್ ಹಾಗೂ ಕೊಳವೆಬಾವಿಗಳಿಂದ 650 ದಶಲಕ್ಷ ಲೀಟರ್ ಪೂರೈಕೆಯಾಗುತ್ತಿತ್ತು. ಸುಮಾರು 500 ದಶಲಕ್ಷ ಲೀಟರ್ ಕೊರತೆ ಉಳಿದಿತ್ತು.

ಈ ಅಂಕಿಅಂಶಗಳು ಸಾರ್ವಜನಿಕ ಚರ್ಚೆಯಲ್ಲಿ ವ್ಯಾಪಕವಾಗಿ ಪ್ರಸ್ತಾಪವಾದವು. ಆದರೆ ಕೊಳವೆಬಾವಿ ಬತ್ತುವುದರ ಜೊತೆಗೇ ನಡೆಯುವ ಮತ್ತೊಂದು ನಷ್ಟವು ಅಷ್ಟಾಗಿ ಗಮನಕ್ಕೆ ಬರಲಿಲ್ಲ. ಬಾವಿಯು ಒಂದೇ ದಿನದಲ್ಲಿ ಬತ್ತುವುದಿಲ್ಲ. ಮೊದಲು ಅರ್ಧ ಗಂಟೆ ನೀರು ಬಂದು ನಿಲ್ಲುತ್ತದೆ, ಕೆಲವು ವಾರಗಳ ನಂತರ ಹತ್ತು ನಿಮಿಷ ಬಂದು ನಿಲ್ಲುತ್ತದೆ. ನೀರು ನಿಂತರೂ ಪಂಪ್ ನಿಲ್ಲುವುದಿಲ್ಲ. ಗಮನಿಸುವವರು ಇಲ್ಲದಿದ್ದಲ್ಲಿ ಅದು ನೀರಿಲ್ಲದೆಯೇ ಓಡುತ್ತಲಿದ್ದು ಅಂತಿಮವಾಗಿ ಸುಟ್ಟುಹೋಗುತ್ತದೆ. ತಾಂತ್ರಿಕ ವಲಯದಲ್ಲಿ ‘ಡ್ರೈ ರನ್’ ಎಂದು ಕರೆಯಲಾಗುವ ಈ ಸ್ಥಿತಿಯು ನೀರಿನ ಕೊರತೆಯ ವರ್ಷಗಳಲ್ಲಿ ಉದ್ದಿಮೆಗಳ ಮೇಲೆ ಬೀಳುವ ಎರಡನೆಯ ಹೊರೆಯಾಗಿರುತ್ತದೆ.

ಪೀಣ್ಯ, ಬೊಮ್ಮಸಂದ್ರ ಮುಂತಾದ ಕೈಗಾರಿಕಾ ಪ್ರದೇಶಗಳಲ್ಲಿ ಹಾಗೂ ಕೋಲಾರ, ತುಮಕೂರು ಜಿಲ್ಲೆಗಳಲ್ಲಿ ಕಾರ್ಯನಿರ್ವಹಿಸುವ ಸಣ್ಣ ಘಟಕಗಳಿಗೆ ಈ ವಿಷಯವು ವಿಶೇಷವಾಗಿ ಅನ್ವಯಿಸುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಬದಲಿ ಪಂಪ್ ಇರುತ್ತದೆ, ನಿರ್ವಹಣಾ ಸಿಬ್ಬಂದಿ ಇರುತ್ತಾರೆ. ಹತ್ತು ಹದಿನೈದು ಕಾರ್ಮಿಕರಿರುವ ಘಟಕದಲ್ಲಿ ಇರುವುದು ಒಂದೇ ಪಂಪ್. ಅದು ನಿಂತ ದಿನ ಬಾಯ್ಲರ್ ನಿಲ್ಲುತ್ತದೆ, ಬಣ್ಣದ ಕೆಲಸ ನಿಲ್ಲುತ್ತದೆ, ದಿನಗೂಲಿಯೂ ನಿಲ್ಲುತ್ತದೆ. ಕೊಳವೆಬಾವಿ ಅನುಮತಿ, ವಿದ್ಯುತ್ ಸಂಪರ್ಕ ಅಥವಾ ಹೆಚ್ಚುವರಿ ವಿದ್ಯುತ್ ಭಾರ ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ಹಾಗೂ ಉದ್ದಿಮೆದಾರರು ಅರ್ಜಿ ಸಲ್ಲಿಸುವ ಮೊದಲೇ ಈ ಕುರಿತು ತಿಳಿದಿರುವುದು ಸೂಕ್ತವೆಂಬ ಕಾರಣದಿಂದ ಈ ವಿಶ್ಲೇಷಣೆಯನ್ನು ಪ್ರಕಟಿಸಲಾಗಿದೆ.

2. ನೀರಿಲ್ಲದೆ ಓಡುವಾಗ ಪಂಪ್‌ನ ಒಳಗೆ ಆಗುವುದೇನು

ಪಂಪ್ ಎಂಬುದು ನೀರನ್ನು ಎತ್ತುವ ಯಂತ್ರವೆಂದು ಎಲ್ಲರಿಗೂ ತಿಳಿದಿದೆ. ಅದೇ ನೀರು ಪಂಪ್‌ಗೆ ಎಣ್ಣೆಯೂ ಹೌದು, ತಂಪುಕಾರಿಯೂ ಹೌದು ಎಂಬ ಅಂಶವು ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ.

ನೆಲದ ಮೇಲೆ ಅಳವಡಿಸುವ ಪಂಪ್‌ಗಳಲ್ಲಿ ತಿರುಗುವ ಶಾಫ್ಟ್ ಹೊರಬರುವ ಸ್ಥಳದಲ್ಲಿ ನೀರು ಸೋರದಂತೆ ಮೆಕ್ಯಾನಿಕಲ್ ಸೀಲ್ ಇರುತ್ತದೆ. ಇದರಲ್ಲಿ ನುಣುಪಾದ ಎರಡು ಮುಖಗಳು ಒಂದಕ್ಕೊಂದು ಒತ್ತಿಕೊಂಡು ತಿರುಗುತ್ತವೆ. ಸಾಮಾನ್ಯವಾಗಿ ಒಂದು ಮುಖ ಕಾರ್ಬನ್‌ನದು, ಇನ್ನೊಂದು ಸೆರಾಮಿಕ್ ಅಥವಾ ಸಿಲಿಕಾನ್ ಕಾರ್ಬೈಡ್‌ನದು. ಇವೆರಡರ ನಡುವೆ ಮಿಲಿಮೀಟರಿನ ಸಾವಿರದ ಒಂದು ಭಾಗದ ಆಸುಪಾಸಿನಷ್ಟು ತೆಳುವಾದ ನೀರಿನ ಪದರವಿರುತ್ತದೆ. ಈ ಪದರವು ಇಲ್ಲವಾದೊಡನೆ ಮುಖಗಳು ಒಣಗಿ ಉಜ್ಜಿಕೊಳ್ಳುತ್ತವೆ ಮತ್ತು ಅಲ್ಪಕಾಲದಲ್ಲಿಯೇ ಅತಿಯಾಗಿ ಬಿಸಿಯಾಗುತ್ತವೆ. ಪಕ್ಕದಲ್ಲಿರುವ ರಬ್ಬರ್ ಉಂಗುರಗಳು ಗಟ್ಟಿಯಾಗಿ ಬಿರಿಯುತ್ತವೆ. ಇದೇ ಸಮಯದಲ್ಲಿ ತಣ್ಣೀರು ಒಮ್ಮೆಲೇ ಒಳನುಗ್ಗಿದರೆ ಕಾದ ಸೆರಾಮಿಕ್ ಮುಖವು ಸೀಳಬಹುದು. ಹಳೆಯ ಮಾದರಿಯ ಗ್ಲ್ಯಾಂಡ್ ಹಗ್ಗವಿರುವ ಪಂಪ್‌ಗಳಲ್ಲಿಯೂ ಹನಿಹನಿಯಾಗಿ ನೀರು ತೊಟ್ಟಿಕ್ಕುತ್ತಿರಬೇಕಾಗುತ್ತದೆ. ತೊಟ್ಟಿಕ್ಕುವುದನ್ನು ದೋಷವೆಂದು ಭಾವಿಸಿ ಗ್ಲ್ಯಾಂಡನ್ನು ಪೂರ್ತಿಯಾಗಿ ಬಿಗಿಗೊಳಿಸಿದಲ್ಲಿ ಹಗ್ಗ ಸುಡುತ್ತದೆ, ಶಾಫ್ಟ್ ಸವೆಯುತ್ತದೆ.

ಪಂಪ್‌ನ ಒಳಗೆ ಸ್ವಲ್ಪ ನೀರು ಸಿಕ್ಕಿಕೊಂಡು ಹರಿವು ಮಾತ್ರ ನಿಂತಿರುವ ಸ್ಥಿತಿಯೂ ಅಪಾಯಕರವೇ ಆಗಿರುತ್ತದೆ. ಐದು ಲೀಟರ್ ನೀರು ಒಳಗೆ ನಿಂತಿದ್ದು, ಇಂಪೆಲ್ಲರ್ ಅದನ್ನು ಕಡೆಯುತ್ತ ಎರಡು ಕಿಲೋವಾಟ್ ಶಕ್ತಿಯನ್ನು ಶಾಖವಾಗಿ ಸೇರಿಸುತ್ತಿದ್ದರೆ, 25 ಡಿಗ್ರಿ ಉಷ್ಣಾಂಶದ ಆ ನೀರು ಸುಮಾರು 13 ನಿಮಿಷಗಳಲ್ಲಿ ಕುದಿಯುವ ಹಂತವನ್ನು ತಲುಪುತ್ತದೆ. ಎರಡೂ ಕಡೆಯ ವಾಲ್ವ್‌ಗಳು ಮುಚ್ಚಿದ್ದಲ್ಲಿ ಒಳಗಿನ ಒತ್ತಡವು ಹೆಚ್ಚಿ ಪಂಪ್‌ನ ಕವಚ ಒಡೆಯುವ ಸಂಭವವೂ ಇರುತ್ತದೆ. ಆದುದರಿಂದ ಇದು ಯಂತ್ರದ ಪ್ರಶ್ನೆ ಮಾತ್ರವಲ್ಲದೆ ಕಾರ್ಮಿಕರ ಸುರಕ್ಷತೆಯ ಪ್ರಶ್ನೆಯೂ ಆಗಿರುತ್ತದೆ.

ಕೊಳವೆಬಾವಿಯೊಳಗಿನ ಸಬ್‌ಮರ್ಸಿಬಲ್ ಪಂಪ್‌ಗಳ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ನಮ್ಮಲ್ಲಿ ಬಳಕೆಯಲ್ಲಿರುವ ಇಂತಹ ಮೋಟಾರುಗಳ ಪೈಕಿ ಹೆಚ್ಚಿನವು ನೀರು ತುಂಬಿದ ಮೋಟಾರುಗಳಾಗಿದ್ದು, ಅವುಗಳ ಬುಷ್ ಮತ್ತು ಥ್ರಸ್ಟ್ ಬೇರಿಂಗ್‌ಗಳು ನೀರಿನಿಂದಲೇ ಜಾರುತ್ತವೆ. ಮೋಟಾರಿನ ಹೊರಮೈಯನ್ನು ಸವರಿಕೊಂಡು ಮೇಲಕ್ಕೆ ಹರಿಯುವ ನೀರೇ ಅದನ್ನು ತಂಪಾಗಿಡುತ್ತದೆ. ಹರಿವು ನಿಂತಾಗ ಶಾಖವು ಹೊರಹೋಗಲು ದಾರಿಯಿರುವುದಿಲ್ಲ. ವೈಂಡಿಂಗ್ ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯು ಹೆಚ್ಚಿನ ಶಾಖವನ್ನು ತಾಳಲಾರದೆ ಮೆತ್ತಗಾಗುತ್ತದೆ ಹಾಗೂ ಶಾರ್ಟ್ ಉಂಟಾಗುತ್ತದೆ. ನೂರಾರು ಅಡಿ ಆಳದಲ್ಲಿ ನಡೆಯುವ ಈ ವಿದ್ಯಮಾನವು ಕಣ್ಣಿಗೆ ಕಾಣುವುದಿಲ್ಲ, ವಾಸನೆಗೂ ಸಿಗುವುದಿಲ್ಲ. ಮಾರನೆಯ ದಿನ ಮೋಟಾರು ಶುರುವಾಗದಿದ್ದಾಗಲೇ ಅದು ತಿಳಿಯುತ್ತದೆ.

ರಾಸಾಯನಿಕ ಮತ್ತು ತ್ಯಾಜ್ಯನೀರು ಶುದ್ಧೀಕರಣ ಘಟಕಗಳಲ್ಲಿ ಬಳಸುವ ವಿಶೇಷ ಪಂಪ್‌ಗಳ ಗುಣ ಬೇರೆ ಬೇರೆಯಾಗಿರುತ್ತದೆ. ಕೆಸರನ್ನು ಸಾಗಿಸುವ ಸ್ಕ್ರೂ ಮಾದರಿಯ ಪಂಪ್‌ಗಳಲ್ಲಿ ಲೋಹದ ತಿರುಪು ರಬ್ಬರ್ ಕವಚದೊಳಗೆ ತಿರುಗುತ್ತದೆ. ಒಣಗಿ ಓಡಿದರೆ ಆ ರಬ್ಬರ್ ಕೆಲವೇ ನಿಮಿಷಗಳಲ್ಲಿ ಸುಟ್ಟು ಕಿತ್ತುಬರುತ್ತದೆ. ಸೀಲ್ ಇಲ್ಲದ ಮ್ಯಾಗ್ನೆಟಿಕ್ ಪಂಪ್‌ಗಳು ಸೋರುವುದಿಲ್ಲವಾದರೂ ಅವುಗಳ ಒಳಗಿನ ಬೇರಿಂಗ್‌ಗಳು ದ್ರವವನ್ನೇ ಅವಲಂಬಿಸಿರುತ್ತವೆ. ಗಾಳಿಯಿಂದ ನಡೆಯುವ ಡಯಾಫ್ರಾಮ್ ಪಂಪ್‌ಗಳು ಮಾತ್ರ ಸ್ವಲ್ಪ ಕಾಲ ಖಾಲಿ ಓಡಿದರೂ ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ.

3. ರಕ್ಷಣಾ ರಿಲೇ ಇದ್ದರೂ ಮೋಟಾರು ಸುಡುವುದೇಕೆ

“ಪ್ಯಾನೆಲ್‌ನಲ್ಲಿ ರಿಲೇ ಇತ್ತು, ಸಿಂಗಲ್ ಫೇಸ್ ಪ್ರಿವೆಂಟರ್ ಇತ್ತು, ಆದರೂ ಮೋಟಾರು ಸುಟ್ಟಿತು” ಎಂಬ ಮಾತು ಸಣ್ಣ ಘಟಕಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಇದರ ಕಾರಣವನ್ನು ಅರ್ಥಮಾಡಿಕೊಳ್ಳುವುದೇ ಈ ವಿಷಯದ ಮುಖ್ಯ ಅಂಶವಾಗಿರುತ್ತದೆ.

ಓವರ್‌ಲೋಡ್ ರಿಲೇ ಹೆಚ್ಚಾದ ಕರೆಂಟನ್ನು ಕಾಯುತ್ತದೆ. ಸಿಂಗಲ್ ಫೇಸ್ ಪ್ರಿವೆಂಟರ್ ಮೂರು ಫೇಸ್‌ಗಳ ಪೈಕಿ ಒಂದು ಇಲ್ಲವಾಗುವುದನ್ನು ಕಾಯುತ್ತದೆ. ನೀರಿಲ್ಲದೆ ಓಡುವಾಗ ಈ ಎರಡೂ ಸಂಭವಿಸುವುದಿಲ್ಲ. ಎತ್ತಬೇಕಾದ ನೀರೇ ಇಲ್ಲದಿರುವುದರಿಂದ ಮೋಟಾರಿನ ಮೇಲಿನ ಹೊರೆ ಇಳಿಯುತ್ತದೆ, ಕರೆಂಟ್ ಕಡಿಮೆಯಾಗುತ್ತದೆ. ಉದಾಹರಣೆಗೆ, ನೀರಿರುವಾಗ 14 ಆಂಪಿಯರ್ ಎಳೆಯುವ ಮೋಟಾರು ನೀರಿಲ್ಲದಾಗ 8 ಅಥವಾ 9 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಬಹುದು. 15 ಆಂಪಿಯರ್‌ಗೆ ಹೊಂದಿಸಿದ ಓವರ್‌ಲೋಡ್ ರಿಲೇಗೆ ಇದು ಅತ್ಯಂತ ಆರೋಗ್ಯಕರ ಸ್ಥಿತಿಯಾಗಿ ಕಾಣುತ್ತದೆ. ಬೇರಿಂಗ್ ಸುಟ್ಟು ಶಾಫ್ಟ್ ಹಿಡಿದುಕೊಂಡ ನಂತರವೇ ಕರೆಂಟ್ ಮೇಲೇರಿ ರಿಲೇ ಕೆಲಸ ಮಾಡುತ್ತದೆ. ಅಷ್ಟರಲ್ಲಿ ಹಾನಿ ಆಗಿಹೋಗಿರುತ್ತದೆ.

ಹೀಗಾಗಿ, ಹೆಚ್ಚುವರಿಯನ್ನು ತಡೆಯುವ ಸಾಧನಗಳು ಕೊರತೆಯನ್ನು ತಡೆಯಲಾರವು ಎಂಬುದನ್ನು ಗಮನಿಸತಕ್ಕದ್ದು. ಕೊರತೆಯನ್ನು ಗುರುತಿಸಲು ಪ್ರತ್ಯೇಕ ಸಾಧನವೇ ಅವಶ್ಯವಾಗಿರುತ್ತದೆ.

ಇದಕ್ಕೆ ಪೂರಕವಾಗಿ ಆಟೋ ಸ್ಟಾರ್ಟರ್‌ಗಳ ಬಳಕೆಯೂ ಹಾನಿಗೆ ಕಾರಣವಾಗುತ್ತಿದೆ. ರಾತ್ರಿ ವಿದ್ಯುತ್ ಹೋಗಿ ಬಂದೊಡನೆ ಪಂಪ್ ತಾನಾಗಿಯೇ ಶುರುವಾಗುತ್ತದೆ. ಬಾವಿಯಲ್ಲಿ ನೀರಿದೆಯೇ ಎಂದು ಅದು ನೋಡುವುದಿಲ್ಲ. ಕಾವಲುಗಾರನ ಹೊರತು ಬೇರಾರೂ ಇಲ್ಲದ ಹೊತ್ತಿನಲ್ಲಿ ಬೆಳಗಿನವರೆಗೂ ಅದು ಓಡುತ್ತಲೇ ಇರುತ್ತದೆ. ಆಟೋ ಸ್ಟಾರ್ಟರ್ ಇರುವ ಕಡೆ ನೀರಿನ ಕೊರತೆಯನ್ನು ಗುರುತಿಸುವ ಸಾಧನವು ಕಡ್ಡಾಯವಾಗಿ ಇರಲೇಬೇಕೆಂದು ಭಾವಿಸಿ ನಡೆದುಕೊಳ್ಳುವುದು ಉದ್ದಿಮೆದಾರರ ಹಿತದೃಷ್ಟಿಯಿಂದ ಸೂಕ್ತ.

4. ಕೊಳವೆಬಾವಿಯ ಇಳುವರಿ ಮತ್ತು ಪಂಪ್‌ನ ಗಾತ್ರ

ದಕ್ಷಿಣ ಕರ್ನಾಟಕದ ಬಯಲು ಸೀಮೆಯ ಭೂಗರ್ಭವು ಬಹುಪಾಲು ಗ್ರಾನೈಟ್ ಮತ್ತು ನೈಸ್ ಮುಂತಾದ ಗಟ್ಟಿಶಿಲೆಗಳಿಂದ ಕೂಡಿದೆ. ಇಲ್ಲಿ ನೀರು ಮೇಲಿನ ಶಿಥಿಲ ಪದರದಲ್ಲಿ ಹಾಗೂ ಕೆಳಗಿನ ಬಂಡೆಯ ಬಿರುಕುಗಳಲ್ಲಿ ಮಾತ್ರ ದೊರೆಯುತ್ತದೆ. ಬಿರುಕುಗಳಿಂದ ನೀರು ಒಸರುವ ವೇಗಕ್ಕೆ ಮಿತಿಯಿರುತ್ತದೆ. ಪಂಪ್ ಎತ್ತುವ ವೇಗವು ಒಸರುವ ವೇಗಕ್ಕಿಂತ ಹೆಚ್ಚಾಗಿದ್ದಲ್ಲಿ ಬಾವಿಯ ಮಟ್ಟ ಇಳಿಯುತ್ತ ಹೋಗಿ ಪಂಪ್‌ನ ಬಾಯಿಯನ್ನು ತಲುಪುತ್ತದೆ.

ಬಾವಿ ಕೊರೆಯುವವರು “ಒಂದು ಇಂಚು ನೀರು”, “ಎರಡು ಇಂಚು ನೀರು” ಎಂದು ಹೇಳುವುದು ರೂಢಿಯಲ್ಲಿದೆ. ಇದು ವಿ ಆಕಾರದ ಕಚ್ಚು ಇರುವ ಫಲಕದ ಮೇಲೆ ಹರಿಯುವ ನೀರಿನ ಎತ್ತರ. ಎರಡು ಇಂಚು ಎಂದರೆ ಒಂದು ಇಂಚಿನ ಎರಡರಷ್ಟು ನೀರು ಎಂಬ ತಿಳಿವಳಿಕೆಯು ತಪ್ಪಾಗಿರುತ್ತದೆ. 90 ಡಿಗ್ರಿ ಕಚ್ಚಿನ ಲೆಕ್ಕದಂತೆ ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚು ಎಂದರೆ ಸುಮಾರು 2,900 ಲೀಟರ್, ಮೂರು ಇಂಚು ಎಂದರೆ ಸುಮಾರು 8,000 ಲೀಟರ್. ಅಂದರೆ ಬೇಸಿಗೆಯಲ್ಲಿ ಎರಡು ಇಂಚು ಒಂದು ಇಂಚಿಗೆ ಇಳಿದರೆ ನೀರು ಅರ್ಧಕ್ಕಲ್ಲ, ಸುಮಾರು ಆರನೇ ಒಂದು ಭಾಗಕ್ಕೆ ಇಳಿದಂತಾಗುತ್ತದೆ. ಅದೇ ಹಳೆಯ ಪಂಪ್ ಮುಂದುವರಿದರೆ ಹಾನಿ ಖಚಿತ.

ಈ ಕೆಳಗಿನ ಲೆಕ್ಕವನ್ನು ಉದಾಹರಣೆಯಾಗಿ ನೋಡಬಹುದು. ಆರೂವರೆ ಇಂಚು ವ್ಯಾಸದ ಕೊಳವೆಬಾವಿಯ ಪ್ರತಿ ಮೀಟರ್ ಆಳದಲ್ಲಿ ಸುಮಾರು 20 ಲೀಟರ್ ನೀರು ನಿಲ್ಲುತ್ತದೆ. ಪಂಪ್‌ನ ಮೇಲೆ 40 ಮೀಟರ್ ನೀರಿದ್ದರೆ ಸಂಗ್ರಹ 800 ಲೀಟರ್. ಬೇಸಿಗೆಯ ಒಸರು ಗಂಟೆಗೆ 1,500 ಲೀಟರ್, ಪಂಪ್ ಎತ್ತುವುದು ಗಂಟೆಗೆ 4,500 ಲೀಟರ್ ಎಂದಾದರೆ, ಗಂಟೆಗೆ 3,000 ಲೀಟರ್‌ನಂತೆ ಸಂಗ್ರಹ ಕರಗುತ್ತದೆ. 16 ನಿಮಿಷಗಳಲ್ಲಿ ಬಾವಿ ಬರಿದಾಗುತ್ತದೆ. ಪುನಃ ತುಂಬಲು 32 ನಿಮಿಷಗಳು ಬೇಕಾಗುತ್ತವೆ. ಒಂದು ಗಂಟೆ ನಿರಂತರವಾಗಿ ಓಡಿಸಿದಲ್ಲಿ ಉಳಿದ 44 ನಿಮಿಷಗಳ ಕಾಲ ಪಂಪ್ ಗಾಳಿಯನ್ನೂ ಒಸರು ನೀರನ್ನೂ ಬೆರೆಸಿ ಎಳೆಯುತ್ತ ಒದ್ದಾಡುತ್ತದೆ. 15 ನಿಮಿಷ ಓಡಿಸಿ 35 ನಿಮಿಷ ನಿಲ್ಲಿಸುವ ಟೈಮರ್ ಅಳವಡಿಸಿದಲ್ಲಿ ಬಹುತೇಕ ಅಷ್ಟೇ ನೀರು ದೊರೆಯುತ್ತದೆ, ಪಂಪ್ ಸಹ ಉಳಿಯುತ್ತದೆ. ಬಾವಿ ಕೊಡುವುದಕ್ಕಿಂತ ಹೆಚ್ಚು ನೀರನ್ನು ಯಾವ ಪಂಪ್ ಸಹ ಕೊಡಲಾರದು. ದೊಡ್ಡ ಪಂಪ್ ಇಳಿಸುವುದರಿಂದ ಬಾವಿ ಬೇಗನೆ ಬರಿದಾಗುತ್ತದೆಯೇ ಹೊರತು ನೀರು ಹೆಚ್ಚುವುದಿಲ್ಲ.

5. ಸಂಪ್ ಮತ್ತು ಹೀರುವ ಕೊಳವೆ

ಟ್ಯಾಂಕರ್ ನೀರು ಅಥವಾ ಸಂಸ್ಕರಿಸಿದ ನೀರನ್ನು ಅವಲಂಬಿಸಿರುವ ಘಟಕಗಳಲ್ಲಿ ಸಮಸ್ಯೆಯ ಸ್ವರೂಪ ಬೇರೆ. ಇಲ್ಲಿ ಸಂಪ್‌ನಿಂದ ನೀರನ್ನು ಹೀರಲಾಗುತ್ತದೆ. ಟ್ಯಾಂಕರ್ ತಡವಾದ ದಿನ ಸಂಪ್ ಖಾಲಿಯಾಗುತ್ತದೆ. ಫುಟ್ ವಾಲ್ವ್ ಸೋರಿ ಹೀರುವ ಕೊಳವೆಯಲ್ಲಿ ಗಾಳಿ ಸೇರುವುದು, ಪ್ರೈಮಿಂಗ್ ಮಾಡದೆ ಶುರುಮಾಡುವುದು, ಜಾಲರಿಗೆ ಕಸ ಕಟ್ಟುವುದು ಇತರ ಕಾರಣಗಳು. ನೀರು ಇದ್ದೂ ಪಂಪ್ ಒಣಗುವುದು ಇಂತಹ ಸಂದರ್ಭಗಳಲ್ಲಿಯೇ.

ನೀರನ್ನು ಮೇಲಕ್ಕೆ ತಳ್ಳುವುದು ವಾಯುಮಂಡಲದ ಒತ್ತಡವೇ ಹೊರತು ಪಂಪ್ ಅದನ್ನು ಎಳೆಯುವುದಿಲ್ಲ. ಸಮುದ್ರ ಮಟ್ಟದಲ್ಲಿ ಈ ಒತ್ತಡವು ಸುಮಾರು 10.3 ಮೀಟರ್ ನೀರಿನ ಎತ್ತರಕ್ಕೆ ಸಮ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ಸುಮಾರು 9.3 ಮೀಟರ್ ಮಾತ್ರ. ಕೊಳವೆಯ ಘರ್ಷಣೆ, ನೀರಿನ ಬಿಸಿ ಹಾಗೂ ಪಂಪ್‌ನ ಸ್ವಂತ ಅವಶ್ಯಕತೆಯನ್ನು ಕಳೆದರೆ ಪ್ರಾಯೋಗಿಕವಾಗಿ ಆರು ಮೀಟರ್‌ಗಿಂತ ಹೆಚ್ಚಿನ ಆಳದಿಂದ ಹೀರುವುದನ್ನು ತಪ್ಪಿಸುವುದು ಲೇಸು. ಮಂಗಳೂರಿನಲ್ಲಿ ಸರಿಯಾಗಿ ನಡೆಯುವ ಜೋಡಣೆಯು ಬೆಂಗಳೂರಿನಲ್ಲಿ ಗದ್ದಲ ಮಾಡುವುದಕ್ಕೆ ಈ ಒಂದು ಮೀಟರ್ ವ್ಯತ್ಯಾಸವೂ ಕಾರಣವಾಗಬಹುದು. ಪಂಪ್‌ನೊಳಗೆ ಜಲ್ಲಿಕಲ್ಲು ಉರುಳಿದಂತಹ ಶಬ್ದ ಕೇಳಿಬಂದಲ್ಲಿ, ಹೀರುವ ಬದಿಯಲ್ಲಿ ಒತ್ತಡ ಸಾಲದೆ ನೀರು ಆವಿಯ ಗುಳ್ಳೆಗಳಾಗಿ ಒಡೆಯುತ್ತಿದೆ ಎಂದು ಶಂಕಿಸಿ ಕೂಡಲೇ ಪರಿಶೀಲಿಸತಕ್ಕದ್ದು. ಇದು ಪೂರ್ಣ ಒಣಗುವಿಕೆಗೆ ಮುನ್ನಿನ ಎಚ್ಚರಿಕೆಯೂ ಆಗಿರಬಹುದು.

6. ಲಭ್ಯವಿರುವ ರಕ್ಷಣಾ ಸಾಧನಗಳು

ಪಂಪ್‌ನ ಮಾದರಿ ಹಾಗೂ ನೀರಿನ ಮೂಲವನ್ನು ಅನುಸರಿಸಿ ಈ ಕೆಳಕಂಡ ಸಾಧನಗಳ ಪೈಕಿ ಒಂದನ್ನು ಅಥವಾ ಎರಡನ್ನು ಅಳವಡಿಸಿಕೊಳ್ಳಬಹುದಾಗಿದೆ.

ಅ) ಫ್ಲೋಟ್ ಸ್ವಿಚ್: ಸಂಪ್ ಮತ್ತು ತೊಟ್ಟಿಗಳಿಗೆ ಸರಳವಾದುದು. ನೀರು ಇಳಿದಾಗ ತೇಲು ಬಿದ್ದು ಪಂಪ್ ನಿಲ್ಲುತ್ತದೆ. ಹೀರುವ ಕೊಳವೆಯ ಬಾಯಿ ತೆರೆದುಕೊಳ್ಳುವ ಮೊದಲೇ ನಿಲ್ಲುವಂತೆ, ಸುಳಿ ಉಂಟಾಗಿ ಗಾಳಿ ಸೇರದಷ್ಟು ಎತ್ತರದಲ್ಲಿ ಇದನ್ನು ಹೊಂದಿಸತಕ್ಕದ್ದು.

ಆ) ಎಲೆಕ್ಟ್ರೋಡ್ ಮಾದರಿಯ ಮಟ್ಟ ನಿಯಂತ್ರಕ: ಕೊಳವೆಬಾವಿಯೊಳಗೆ ಪಂಪ್‌ನ ಮೇಲೆ ಎರಡು ಮಟ್ಟಗಳಲ್ಲಿ ತಂತಿಯ ತುದಿಗಳನ್ನು ಇಳಿಸಲಾಗುತ್ತದೆ. ನೀರಿನ ಮೂಲಕ ಹರಿಯುವ ಅಲ್ಪ ವಿದ್ಯುತ್ತು ನಿಂತಾಗ ಪಂಪ್ ನಿಲ್ಲುತ್ತದೆ. ತುದಿಗಳಿಗೆ ಸುಣ್ಣದ ಪೊರೆ ಕಟ್ಟಿದರೆ ತಪ್ಪು ಸೂಚನೆ ಬರುವುದರಿಂದ ಕಾಲಕಾಲಕ್ಕೆ ಶುಚಿಗೊಳಿಸುವುದು ಅವಶ್ಯ.

ಇ) ಅಂಡರ್ ಕರೆಂಟ್ ರಿಲೇ: ಬಾವಿಯೊಳಗೆ ಏನನ್ನೂ ಇಳಿಸದೆ ಪ್ಯಾನೆಲ್‌ನಲ್ಲಿಯೇ ಅಳವಡಿಸಬಹುದು. ಕರೆಂಟ್ ನಿಗದಿತ ಮಟ್ಟಕ್ಕಿಂತ ಇಳಿದಾಗ ಕೆಲವು ಸೆಕೆಂಡುಗಳ ನಂತರ ಪಂಪನ್ನು ನಿಲ್ಲಿಸುತ್ತದೆ. ನೀರಿರುವಾಗಿನ ಕರೆಂಟನ್ನು ಅಳೆದು, ಅದರ ಶೇಕಡ 75ರಿಂದ 80ರ ಆಸುಪಾಸಿನಲ್ಲಿ ಹೊಂದಿಸುವುದು ರೂಢಿ. ಮೇಲಿನ ಉದಾಹರಣೆಯಲ್ಲಿ 14 ಆಂಪಿಯರ್‌ಗೆ ಸುಮಾರು 11 ಆಂಪಿಯರ್. ಮೋಟಾರಿನ ಫಲಕದ ಮೇಲೆ ಬರೆದ ಕರೆಂಟಿಗೆ ಬದಲಾಗಿ ಸ್ಥಳದಲ್ಲಿ ಅಳೆದ ಕರೆಂಟನ್ನೇ ಆಧಾರವಾಗಿ ತೆಗೆದುಕೊಳ್ಳತಕ್ಕದ್ದು.

ಈ) ವಿದ್ಯುತ್ ಶಕ್ತಿ ಅಳೆಯುವ ರಿಲೇ: ವೋಲ್ಟೇಜ್ ಏರಿಳಿತ ಹೆಚ್ಚಿರುವ ಕಡೆ ಕರೆಂಟ್ ಮಾತ್ರವನ್ನು ನಂಬುವುದು ಕಷ್ಟ. ಹೊರೆ ಇಳಿದಾಗ ಪವರ್ ಫ್ಯಾಕ್ಟರ್ ಸಹ ಇಳಿಯುವುದರಿಂದ, ಕಿಲೋವಾಟ್‌ನಲ್ಲಿ ಅಳೆದರೆ ನೀರಿರುವ ಮತ್ತು ನೀರಿಲ್ಲದ ಸ್ಥಿತಿಗಳ ಅಂತರವು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಉ) ಒತ್ತಡ ಅಥವಾ ಹರಿವಿನ ಸ್ವಿಚ್: ಹೊರಹರಿವಿನ ಕೊಳವೆಯಲ್ಲಿ ಒತ್ತಡ ಅಥವಾ ಹರಿವು ಇಲ್ಲವಾದಾಗ ಪಂಪ್ ನಿಲ್ಲುತ್ತದೆ. ಶುರುವಾಗುವಾಗ ನೀರು ಏರಲು ಬೇಕಾದಷ್ಟು ಸಮಯಾವಕಾಶ ನೀಡಬೇಕಾಗುತ್ತದೆ.

ಊ) ಉಷ್ಣಾಂಶ ಸಂವೇದಕ: ದುಬಾರಿ ಪಂಪ್‌ಗಳಲ್ಲಿ ಬೇರಿಂಗ್, ಸೀಲ್ ಅಥವಾ ವೈಂಡಿಂಗ್‌ನ ಬಿಸಿಯನ್ನು ಗಮನಿಸಲು ಬಳಸಲಾಗುತ್ತದೆ. ಇದು ಎರಡನೆಯ ಹಂತದ ರಕ್ಷಣೆಯೇ ಹೊರತು ಮೊದಲನೆಯದಲ್ಲ.

ಅಗ್ನಿಶಾಮಕ ಪಂಪ್‌ಗಳ ವಿಷಯ ಪ್ರತ್ಯೇಕವಾದುದು. ಬೆಂಕಿಯ ಸಂದರ್ಭದಲ್ಲಿ ಪಂಪ್ ತಾನಾಗಿ ನಿಲ್ಲುವುದು ಜೀವಹಾನಿಗೆ ಕಾರಣವಾಗಬಹುದು. ಆದುದರಿಂದ ಮೇಲ್ಕಂಡ ಸಾಧನಗಳನ್ನು ಅಂತಹ ಪಂಪ್‌ಗಳಿಗೆ ಸ್ವಂತ ತೀರ್ಮಾನದಿಂದ ಅಳವಡಿಸದೆ ಅಗ್ನಿಶಾಮಕ ಇಲಾಖೆಯ ಸಲಹೆಯನ್ನು ಪಡೆಯತಕ್ಕದ್ದು.

7. ಲಾಭ-ನಷ್ಟದ ಲೆಕ್ಕ

ಪಂಪ್ ಸುಟ್ಟಾಗ ಉದ್ದಿಮೆದಾರರು ಸಾಮಾನ್ಯವಾಗಿ ರೀವೈಂಡಿಂಗ್ ಬಿಲ್ಲನ್ನು ಮಾತ್ರ ನಷ್ಟವೆಂದು ಬರೆದುಕೊಳ್ಳುತ್ತಾರೆ. ವಾಸ್ತವಿಕ ನಷ್ಟದ ಪಟ್ಟಿ ಅದಕ್ಕಿಂತ ಉದ್ದವಾಗಿರುತ್ತದೆ: ಬಾವಿಯಿಂದ ಪಂಪ್ ಎತ್ತುವ ಮತ್ತು ಪುನಃ ಇಳಿಸುವ ಕೂಲಿ, ಬುಷ್, ಬೇರಿಂಗ್ ಮತ್ತು ಕೇಬಲ್ ಬದಲಾವಣೆ, ಆ ದಿನಗಳ ಟ್ಯಾಂಕರ್ ವೆಚ್ಚ, ಕೆಲಸವಿಲ್ಲದೆ ಕುಳಿತ ಕಾರ್ಮಿಕರ ವೇತನ, ತಡವಾದ ಸರಬರಾಜಿಗೆ ಗ್ರಾಹಕರು ಕಡಿತಗೊಳಿಸುವ ಮೊತ್ತ ಹಾಗೂ ರೀವೈಂಡಿಂಗ್ ಸರಿಯಾಗಿ ಆಗದಿದ್ದಲ್ಲಿ ಮೋಟಾರಿನ ದಕ್ಷತೆ ಇಳಿದು ಮುಂದೆ ಪ್ರತಿ ತಿಂಗಳೂ ಬರುವ ಹೆಚ್ಚುವರಿ ವಿದ್ಯುತ್ ಬಿಲ್ಲು.

ಸುಡುವ ಮೊದಲೂ ನಷ್ಟ ನಡೆಯುತ್ತಲೇ ಇರುತ್ತದೆ. ಏಳೂವರೆ ಅಶ್ವಶಕ್ತಿಯ ಮೋಟಾರು ಎಂದರೆ ಸುಮಾರು 5.6 ಕಿಲೋವಾಟ್. ನೀರಿಲ್ಲದೆ ಅದರ ಅರ್ಧದಷ್ಟನ್ನೇ ಎಳೆದರೂ ರಾತ್ರಿಯ ಎಂಟು ಗಂಟೆಗಳಲ್ಲಿ 22 ಯೂನಿಟ್‌ಗಳಿಗೂ ಹೆಚ್ಚು ವಿದ್ಯುತ್ ವ್ಯರ್ಥವಾಗುತ್ತದೆ. ಒಂದು ಹನಿ ನೀರೂ ಬಂದಿರುವುದಿಲ್ಲ.

ಪ್ರತಿಯೊಂದು ಘಟಕವೂ ತನ್ನ ಹಿಂದಿನ ಎರಡು ವರ್ಷಗಳ ಬಿಲ್ಲುಗಳನ್ನು ತೆಗೆದು ಮೇಲ್ಕಂಡ ಬಾಬುಗಳ ಮೊತ್ತವನ್ನು ಕೂಡಿಸಿ, ಒಂದು ರಕ್ಷಣಾ ಸಾಧನದ ಬೆಲೆಯೊಂದಿಗೆ ಹೋಲಿಸಿ ನೋಡುವುದು ಅಪೇಕ್ಷಣೀಯ. ಬಹುತೇಕ ಸಂದರ್ಭಗಳಲ್ಲಿ ಒಂದು ಬಾರಿ ಸುಡುವುದನ್ನು ತಪ್ಪಿಸಿದರೂ ಸಾಧನದ ಬೆಲೆ ವಸೂಲಾಗುತ್ತದೆ.

8. ರಿಲೇ ಪದೇ ಪದೇ ಬೀಳುತ್ತಿದ್ದರೆ

ಸಾಧನವನ್ನು ಅಳವಡಿಸಿದ ನಂತರವೂ ಹಾನಿಯಾದ ಪ್ರಕರಣಗಳಲ್ಲಿ ಒಂದು ಸಾಮಾನ್ಯ ಅಂಶ ಕಂಡುಬರುತ್ತದೆ. ರಿಲೇ ಪದೇ ಪದೇ ಪಂಪನ್ನು ನಿಲ್ಲಿಸುವುದರಿಂದ ಬೇಸತ್ತು, ಅದನ್ನೇ ದೋಷವೆಂದು ತಿಳಿದು, ತಂತಿ ಸುತ್ತಿ ಅದನ್ನು ನಿಷ್ಕ್ರಿಯಗೊಳಿಸಲಾಗಿರುತ್ತದೆ. ಕೆಲಸ ಬಾಕಿಯಿರುವ ದಿನ, ಮಾಲೀಕರ ಒತ್ತಾಯದ ನಡುವೆ, ಆಪರೇಟರ್ ಈ ದಾರಿ ಹಿಡಿಯುವುದು ಅಸಹಜವಲ್ಲ. ಆದರೆ ಅದರ ಬೆಲೆ ದೊಡ್ಡದು.

ರಿಲೇ ಬೀಳುವುದು ಬಾವಿಯು ನೀಡುವ ವರದಿಯೆಂದು ಪರಿಗಣಿಸತಕ್ಕದ್ದು. ಎಷ್ಟು ನಿಮಿಷ ಓಡಿದ ನಂತರ ಬಿದ್ದಿತು ಎಂಬುದನ್ನು ಪ್ರತಿದಿನ ಒಂದು ಪುಸ್ತಕದಲ್ಲಿ ಬರೆದಿಡುವುದರಿಂದ ಬಾವಿಯ ಆರೋಗ್ಯ ತಿಳಿಯುತ್ತದೆ. ಜನವರಿಯಲ್ಲಿ 50 ನಿಮಿಷ, ಫೆಬ್ರವರಿಯಲ್ಲಿ 35, ಮಾರ್ಚಿಯಲ್ಲಿ 20 ಎಂದು ಇಳಿಯುತ್ತಿದ್ದಲ್ಲಿ, ಏಪ್ರಿಲ್‌ಗೆ ಮುನ್ನವೇ ಪರ್ಯಾಯ ವ್ಯವಸ್ಥೆ ಮಾಡಿಕೊಳ್ಳಲು ಅವಕಾಶವಿರುತ್ತದೆ. ಈ ಪುಸ್ತಕವು ಮುಂದೆ ಅರ್ಜಿ ಸಲ್ಲಿಸುವಾಗ ನೀರಿನ ಅವಶ್ಯಕತೆಯನ್ನು ವಿವರಿಸುವುದಕ್ಕೂ ಉಪಯುಕ್ತ.

ಪಂಪ್ ನೀರಿಲ್ಲದೆ ಓಡಿರುವುದು ಗಮನಕ್ಕೆ ಬಂದಲ್ಲಿ ಮೊದಲು ವಿದ್ಯುತ್ ಸಂಪರ್ಕವನ್ನು ಮುಖ್ಯ ಸ್ವಿಚ್‌ನಲ್ಲಿ ಕಡಿತಗೊಳಿಸಿ, ಪಂಪ್ ತಾನಾಗಿ ತಣಿಯಲು ಬಿಡಬೇಕು. ಬಿಸಿಯಾದ ಪಂಪ್‌ಗೆ ಕೂಡಲೇ ತಣ್ಣೀರು ಸುರಿಯಬಾರದು. ತಣಿದ ನಂತರ ಶಾಫ್ಟ್ ಕೈಯಿಂದ ತಿರುಗುವುದೇ, ಸೀಲ್ ಸೋರುವುದೇ ಎಂದು ನೋಡಿ, ವೈಂಡಿಂಗ್‌ನ ಇನ್ಸುಲೇಷನ್ ಪರೀಕ್ಷಿಸಿ ಆನಂತರವೇ ಪುನಃ ಶುರುಮಾಡತಕ್ಕದ್ದು. ಫುಟ್ ವಾಲ್ವ್ ನೋಡುವ ಸಲುವಾಗಿ ಮುಚ್ಚಿದ ಸಂಪ್ ಅಥವಾ ತ್ಯಾಜ್ಯನೀರಿನ ತೊಟ್ಟಿಯೊಳಗೆ ಕಾರ್ಮಿಕರನ್ನು ಹಾಗೆಯೇ ಇಳಿಸುವುದನ್ನು ಯಾವುದೇ ಕಾರಣಕ್ಕೂ ಮಾಡಬಾರದು. ವಿಷಾನಿಲ ಮತ್ತು ಆಮ್ಲಜನಕದ ಕೊರತೆಯಿಂದ ಪ್ರಾಣಾಪಾಯ ಸಂಭವಿಸುತ್ತದೆ.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(1) ಕರ್ನಾಟಕ ಅಂತರ್ಜಲ (ಅಭಿವೃದ್ಧಿ ಮತ್ತು ನಿರ್ವಹಣೆಯ ವಿನಿಯಮನ ಹಾಗೂ ನಿಯಂತ್ರಣ) ಅಧಿನಿಯಮ, 2011ರಂತೆ ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ಕೊರೆಯಲು ಪೂರ್ವಾನುಮತಿ ಅವಶ್ಯ. ಬೆಂಗಳೂರು ಜಲಮಂಡಳಿಯ ವ್ಯಾಪ್ತಿಯಲ್ಲಿ ಮಂಡಳಿಯ ಮೂಲಕ ಅರ್ಜಿ ಸಲ್ಲಿಸತಕ್ಕದ್ದು. ಹಳೆಯ ಬಾವಿ ಬತ್ತಿತೆಂದು ಅನುಮತಿಯಿಲ್ಲದೆ ಹೊಸದನ್ನು ಕೊರೆಸುವುದು ಕಾನೂನುಬಾಹಿರವಾಗುತ್ತದೆ.

(2) ಬಾವಿ ಕೊರೆದ ನಂತರ ಇಳುವರಿ ಪರೀಕ್ಷೆಯನ್ನು ಮಾಡಿಸಿ, ಅದರ ಫಲಿತಾಂಶವನ್ನು ಲೀಟರ್‌ಗಳಲ್ಲಿ ಬರೆಸಿಕೊಳ್ಳುವುದು. ಪಂಪ್‌ನ ಅಶ್ವಶಕ್ತಿಯನ್ನು ಈ ಫಲಿತಾಂಶದ ನಂತರವೇ ತೀರ್ಮಾನಿಸುವುದು.

(3) ನೀರು ಆಳಕ್ಕೆ ಇಳಿಯಿತೆಂದು ಹೆಚ್ಚಿನ ಅಶ್ವಶಕ್ತಿಯ ಪಂಪ್ ಅಳವಡಿಸುವ ಮೊದಲು ಸಂಬಂಧಪಟ್ಟ ವಿದ್ಯುತ್ ಸರಬರಾಜು ಕಂಪನಿಯಿಂದ ಹೆಚ್ಚುವರಿ ಭಾರದ ಮಂಜೂರಾತಿ ಪಡೆಯುವುದು. ಮಂಜೂರಾದುದಕ್ಕಿಂತ ಹೆಚ್ಚು ಭಾರ ಬಳಸಿದಲ್ಲಿ ದಂಡ ತೆರಬೇಕಾಗುತ್ತದೆ.

(4) ಖರೀದಿಸುವ ಸಬ್‌ಮರ್ಸಿಬಲ್ ಪಂಪ್‌ಸೆಟ್ ಭಾರತೀಯ ಮಾನಕ 8034ಕ್ಕೆ ಹಾಗೂ ಅದರ ಮೋಟಾರು ಭಾರತೀಯ ಮಾನಕ 9283ಕ್ಕೆ ಅನುಗುಣವಾಗಿರುವುದನ್ನು ಖಚಿತಪಡಿಸಿಕೊಳ್ಳುವುದು. ವಾರಂಟಿ ಪತ್ರದಲ್ಲಿ ನೀರಿಲ್ಲದೆ ಓಡಿದ ಹಾನಿಯನ್ನು ಹೊರತುಪಡಿಸಲಾಗಿದೆಯೇ ಎಂದು ಓದಿ ನೋಡುವುದು.

(5) ಸಕಾಲ ಸೇವೆಗಳ ವ್ಯಾಪ್ತಿಗೆ ಬರುವ ಅರ್ಜಿಗಳಿಗೆ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆದುಕೊಳ್ಳುವುದು. ಬೇಸಿಗೆಯಲ್ಲಿ ಅರ್ಜಿಗಳ ಸಂಖ್ಯೆ ಹೆಚ್ಚುವುದರಿಂದ, ಅವಶ್ಯಕತೆಯನ್ನು ಮುಂಚಿತವಾಗಿ ಅಂದಾಜು ಮಾಡಿ ಚಳಿಗಾಲದಲ್ಲಿಯೇ ಅರ್ಜಿ ಸಲ್ಲಿಸುವುದು ಉತ್ತಮ.

(6) ಕುಡಿಯುವ ಗುಣಮಟ್ಟ ಬೇಡದ ಕೆಲಸಗಳಿಗೆ ಸಂಸ್ಕರಿಸಿದ ನೀರಿನ ಲಭ್ಯತೆಯನ್ನು ವಿಚಾರಿಸುವುದು. ಇಂತಹ ನೀರಿಗೆ ಬಳಸುವ ಪಂಪ್‌ನ ಜಾಲರಿ ಮತ್ತು ಎಲೆಕ್ಟ್ರೋಡ್‌ಗಳನ್ನು ಹೆಚ್ಚು ಬಾರಿ ಶುಚಿಗೊಳಿಸಬೇಕಾಗುತ್ತದೆ.

10. ಉಪಸಂಹಾರ

2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತದ ಯೋಜನೆಯು ಉದ್ಘಾಟನೆಗೊಂಡು, ಬೆಂಗಳೂರಿಗೆ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರು ತರುವ ಸಾಮರ್ಥ್ಯ ಒದಗಿತು. ಕೋಲಾರ ಜಿಲ್ಲೆಯಲ್ಲಿ 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೆರೆಗಳಿಗೆ ಹರಿಸಿ ಅಂತರ್ಜಲ ಮರುಪೂರಣ ಮಾಡಲಾಗುತ್ತಿದೆ. 2024ರ ಮುಂಗಾರು ಸಹ ರಾಜ್ಯಕ್ಕೆ ಉತ್ತಮವಾಗಿಯೇ ಆಯಿತು. ಇವೆಲ್ಲವೂ ಸಮಾಧಾನದ ಸಂಗತಿಗಳು. ಆದರೆ ಗಟ್ಟಿಶಿಲೆಯ ಬಿರುಕುಗಳನ್ನು ನಂಬಿದ ಪ್ರದೇಶದಲ್ಲಿ ಒಂದು ಮಳೆಗಾಲ ಕೈಕೊಟ್ಟರೆ 2024ರ ಬೇಸಿಗೆಯ ಸ್ಥಿತಿಯು ಮರುಕಳಿಸಲು ಹೆಚ್ಚು ಕಾಲ ಬೇಕಾಗುವುದಿಲ್ಲ.

ನೀರಿರುವ ವರ್ಷವೇ ಪಂಪ್‌ನ ರಕ್ಷಣೆಗೆ ತಕ್ಕ ವರ್ಷ. ನೀರಿರುವಾಗಿನ ಕರೆಂಟನ್ನು ಅಳೆದಿಟ್ಟುಕೊಂಡರೆ ಮಾತ್ರ ನೀರಿಲ್ಲದಾಗಿನ ಕರೆಂಟನ್ನು ಗುರುತಿಸಲು ಸಾಧ್ಯ. ಆದಕಾರಣ ಉದ್ದಿಮೆದಾರರು ಹಾಗೂ ಸಾರ್ವಜನಿಕರು ಮುಂದಿನ ಬೇಸಿಗೆಗೆ ಮುನ್ನ ತಮ್ಮ ಪಂಪ್‌ಗಳಿಗೆ ಸೂಕ್ತ ರಕ್ಷಣಾ ಸಾಧನವನ್ನು ಅಳವಡಿಸಿಕೊಂಡು, ಬಾವಿಯ ಇಳುವರಿಗೆ ಅನುಗುಣವಾಗಿ ಪಂಪ್ ಓಡಿಸುವ ಅವಧಿಯನ್ನು ನಿಗದಿಪಡಿಸಿಕೊಳ್ಳಬೇಕೆಂದು ಕೋರಲಾಗಿದೆ.